ಎಡಕ್ಕೆ ತಿರುಗಿದರೆ ಮಾತ್ರ ಆಫ್

ಜಾಬ್ ಕಾರ್ಡ್‌ನಲ್ಲಿ ಮತ್ತೆ ಅದೇ: ಎಂಜಿನ್ ಸ್ಟಾಲಿಂಗ್, ಅಂದರೆ ಓಡುತ್ತಿರುವಾಗಲೇ ಆಫ್ ಆಗುವುದು. ಕೊಟ್ಟಿಗೆಹಾರದ ಕಡೆಯ ಎಸ್ಟೇಟ್ ರೈಟ್ರ, ಅಂದರೆ ತೋಟದ ಲೆಕ್ಕ ಬರೆಯುವವರ ಬೈಕ್, ಬಿಎಸ್6 ಗಾಡಿ. ಮೂಡಿಗೆರೆಯ ನಮ್ಮ ಸರ್ವೀಸ್ ಸೆಂಟರ್‌ಗೆ ಇದೊಂದೇ ಕಂಪ್ಲೇಂಟ್ ಹಿಡಿದುಕೊಂಡು ಬರುತ್ತಲೇ ಇದ್ದರು. ಆದರೆ ನಮ್ಮ ಕೈಗೆ ಬಂದಾಗ ಗಾಡಿ ಒಂದು ಸಲವೂ ಆಫ್ ಆಗುತ್ತಿರಲಿಲ್ಲ.

ಮೊದಲು ಪ್ಲಗ್ ಬದಲಾಯಿಸಿದೆವು, ಆಮೇಲೆ ಕ್ಯಾಪ್, ಅದಾದ ಮೇಲೆ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್. ಸ್ಕ್ಯಾನರ್ ಹಾಕಿದರೆ ಒಂದೂ ಎರರ್ ಕೋಡ್ ಇಲ್ಲ. ಬ್ಯಾಟರಿ 12.6 ವೋಲ್ಟ್, ರೇಸ್ ಕೊಟ್ಟರೆ ಚಾರ್ಜಿಂಗ್ 14.2. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ನಿಲ್ಲಿಸುವ ಸೈಡ್ ಸ್ಟ್ಯಾಂಡ್ ಸ್ವಿಚ್ ಬೈಪಾಸ್ ಮಾಡಿ ನೋಡಿದ್ದೂ ಆಯಿತು. ಕೊನೆಗೆ ಕಂಪ್ಲೇಂಟ್ ಬರೆದುಕೊಳ್ಳುವ ಅಡ್ವೈಸರ್ ತಪ್ಪನ್ನು ಪೆಟ್ರೋಲ್ ಮೇಲೆ ಹಾಕಿದರು. ನಮಗೆ ಏನೂ ಸಿಗದಿದ್ದಾಗ ಪೆಟ್ರೋಲ್‌ನಲ್ಲಿ ನೀರು ಇದ್ದೇ ಇರುತ್ತದೆ ಅಲ್ವಾ!

ರೈಟ್ರು ಈ ಸಲ ಗಾಡಿ ಬಿಟ್ಟು ಹೋಗಲು ಒಪ್ಪಲಿಲ್ಲ. "ನೀವೇ ಓಡಿಸಿ, ನಾನು ಹಿಂದೆ ಕೂರ್ತೇನೆ, ಚಾರ್ಮಾಡಿಗೆ ಹೋಗುವ" ಅಂದರು. ನಮ್ಮ ಟೆಸ್ಟ್ ರೈಡ್ ಅಂದರೆ ಹ್ಯಾಂಡ್‌ಪೋಸ್ಟ್‌ವರೆಗೆ ಹೋಗಿ ಬರುವುದು. ಘಾಟಿಗೆ ಹೋದರೆ ಅರ್ಧ ದಿನದ ಗಾಡಿ ಕೌಂಟ್ ಹೋಯಿತು. ಸೂಪರ್‌ವೈಸರ್ ಮುಖ ಗಂಟು ಹಾಕಿಕೊಂಡೇ ಬಿಟ್ಟರು.

ಕೆಳಗಿಳಿಯುವಾಗ ಏನೂ ಆಗಲಿಲ್ಲ. ವಾಪಸ್ ಹತ್ತುವಾಗ ಮುಂದೆ ಲಾರಿ, ಹಿಂದೆ ಸರ್ಕಾರಿ ಬಸ್, ಮಂಜು ಬೇರೆ. ಲಾರಿ ನಿಧಾನ ಆಯಿತು, ಹೇರ್‌ಪಿನ್‌ನಲ್ಲಿ ನಾನೂ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಸದ್ದಿಲ್ಲ! ಎಂಜಿನ್ ಸತ್ತಿತು, ಹೆಡ್‌ಲೈಟ್ ಹೋಯಿತು, ಮೀಟರ್ ಕಪ್ಪಾಯಿತು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಲು ಶುರು. ಫ್ರಂಟ್ ಬ್ರೇಕ್ ಹಿಡಿದು ಎರಡೂ ಕಾಲು ಊರಿದೆ. ಬಸ್ಸಿನ ಹಾರ್ನ್ ಬೆನ್ನಿಗೇ ಬಡಿಯಿತು. ಗಾಬರಿಯಲ್ಲಿ ಹ್ಯಾಂಡಲ್ ನೆಟ್ಟಗೆ ಮಾಡಿದೆ. ಮೀಟರ್ ಮುಳ್ಳು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು, ಫ್ಯೂಯಲ್ ಪಂಪ್ ಜುಂಯ್ ಅಂತು.

"ಇದನ್ನೇ ಅಲ್ವಾ ಮಾರಾಯ್ರೆ ನಾನು ಅಷ್ಟು ದಿನದಿಂದ ಹೇಳಿದ್ದು, ಎಡ ತಿರುವಲ್ಲಿ ಅಂತ" ಅಂದರು ರೈಟ್ರು, ಹಿಂದಿನಿಂದ ಇಳಿಯುತ್ತಾ.

ಹೇಳಿದ್ದರಂತೆ, ಮೊದಲನೇ ದಿನವೇ. ಅಡ್ವೈಸರ್ ಕಂಪ್ಯೂಟರ್‌ನಲ್ಲಿ ಕಂಪ್ಲೇಂಟ್ ಆರಿಸಿಕೊಳ್ಳಬೇಕು, ಟೈಪ್ ಮಾಡುವ ಹಾಗಿಲ್ಲ. ಅದರಲ್ಲಿ ಎಡ ತಿರುವು ಇಲ್ಲ, ಎಂಜಿನ್ ಸ್ಟಾಲಿಂಗ್ ಇದೆ. ನಮ್ಮ ಕೈಗೆ ಬರುವುದು ಅಷ್ಟೇ.

ಮೀಟರ್ ಕೂಡ ಕಪ್ಪಾಯಿತು ಅಂದ ಮೇಲೆ ಕಾಯಿಲ್ ಮಾತೇ ಇಲ್ಲ. ಕಾಯಿಲ್ ಹೋದರೆ ಎಂಜಿನ್ ನಿಲ್ಲುತ್ತದೆ, ಮೀಟರ್ ಉರಿಯುತ್ತಲೇ ಇರುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ ಆದರೂ ಹಾಗೇ. ಎಲ್ಲವೂ ಒಟ್ಟಿಗೆ ಹೋದರೆ ಕೀ ಸೆಟ್‌ನಿಂದ (ಕೀ ತಿರುಗಿಸುವ ಸ್ವಿಚ್) ಬರುವ ಲೈನ್, ಇಲ್ಲವೇ ಮೇನ್ ಫ್ಯೂಸ್, ಇಲ್ಲವೇ ಅರ್ಥ್ ವೈರ್. ಕೋಡ್ ಯಾಕಿರಲಿಲ್ಲ ಅನ್ನುವುದೂ ಆಗ ಹೊಳೆಯಿತು. ಇಸಿಯುಗೇ, ಅಂದರೆ ಎಂಜಿನ್ನಿನ ಕಂಪ್ಯೂಟರ್‌ಗೇ ಕರೆಂಟ್ ಹೋದರೆ ಕೋಡ್ ಬರೆದುಕೊಳ್ಳುವವರು ಯಾರು?

ಗ್ಯಾರೇಜಿನಲ್ಲಿ ಯಾಕೆ ಆಫ್ ಆಗಲಿಲ್ಲ? ರ‍್ಯಾಂಪ್ ಮೇಲೆ ಮುಂದಿನ ಚಕ್ರ ಕ್ಲ್ಯಾಂಪ್‌ನಲ್ಲಿ ಇರುತ್ತದೆ. ಹ್ಯಾಂಡಲ್ ಅಲ್ಲಾಡುವುದೇ ಇಲ್ಲ!

ಕ್ಲ್ಯಾಂಪ್ ಬಿಚ್ಚಿ ಇಗ್ನಿಷನ್ ಫ್ಯೂಸ್‌ನಲ್ಲಿ ಮಲ್ಟಿಮೀಟರ್ ಹಿಡಿದೆ. 12.4. ನೆಟ್ಟಗಿದ್ದರೂ ಅಷ್ಟೇ, ಸ್ವಲ್ಪ ತಿರುಗಿಸಿದರೂ ಅಷ್ಟೇ. ಮಲ್ಟಿಮೀಟರ್ ಕರೆಂಟ್ ಎಳೆಯುವುದು ಇಲ್ಲವೆನ್ನುವಷ್ಟು ಕಮ್ಮಿ, ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್‌ಗೆ ಎರಡು ವೈರ್ ಬೆಸೆದು ಇಟ್ಟುಕೊಂಡಿದ್ದೇನೆ, ಅದನ್ನು ಕೊಟ್ಟೆ. ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ನೆಟ್ಟಗಿದ್ದಾಗ ಚೆನ್ನಾಗಿ ಉರಿಯಿತು. ಎಡಕ್ಕೆ ತಿರುಗಿಸುತ್ತಾ ಹೋದ ಹಾಗೆ ಕೆಂಪಗಾಯಿತು, ಪೂರ್ತಿ ತಿರುಗಿಸಿದಾಗ ಆರಿತು.

ಟ್ಯಾಂಕ್ ಇಳಿಸಿದರೆ ಹ್ಯಾಂಡಲ್ ಫ್ರೇಮಿಗೆ ಸೇರುವ ನೆಕ್ ಹತ್ತಿರ ಒಂದು ಕೇಬಲ್ ಟೈ, ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ರೈಟ್ರು ಮಳೆಗಾಲಕ್ಕೆಂದು ಹೊರಗಿನ ಅಂಗಡಿಯಲ್ಲಿ ಫಾಗ್ ಲೈಟ್ ಹಾಕಿಸಿದ್ದರು. ರಿಲೇ, ಫ್ಯೂಸ್ ಎಲ್ಲ ಸರಿಯಾಗಿತ್ತು. ಅದನ್ನು ನೋಡಿಯೇ ನಾವು ಆ ಕಡೆ ಹೋಗಿರಲಿಲ್ಲ. ಆದರೆ ಹೊಸ ವೈರ್ ಜೊತೆ ಕಂಪನಿ ಹಾರ್ನೆಸ್ಸನ್ನೂ (ವೈರ್‌ಗಳ ಕಟ್ಟು) ಸೇರಿಸಿ ಫ್ರೇಮಿಗೆ ಬಿಗಿದಿದ್ದರು. ಹ್ಯಾಂಡಲ್ ತಿರುಗಿದಾಗಲೆಲ್ಲ ವೈರ್ ಅದೇ ಜಾಗದಲ್ಲಿ ಎಳೆದು ಮಡಚುತ್ತಿತ್ತು. ಮೇಲಿನ ಪ್ಲಾಸ್ಟಿಕ್‌ಗೆ ಏನೂ ಆಗಿರಲಿಲ್ಲ. ಬೆರಳಲ್ಲಿ ಒತ್ತಿದರೆ ಒಂದು ಕಡೆ ಮಾತ್ರ ಮೆತ್ತಗೆ ಬಾಗಿತು. ಸೀಳಿ ನೋಡಿದರೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು, ಎರಡು ಮೂರು ಎಳೆ ಉಳಿದಿತ್ತು.

ಹಾಳಾದಷ್ಟು ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಬಿಸಿಗೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಸಡಿಲ ಬಿಟ್ಟು ಕಟ್ಟಿದೆ. ಬಿಲ್ ನೂರು ಚಿಲ್ಲರೆ.

ಈಗ ರೈಟ್ರು ಕಾಯಿಲ್ ದುಡ್ಡು ವಾಪಸ್ ಕೇಳಿದರು. ನ್ಯಾಯವೇ. ಹೊರಗಿನ ಫಾಗ್ ಲೈಟ್ ಇದೆ, ವಾರಂಟಿ ಬರಲ್ಲ, ಹಾಕಿದ ಪಾರ್ಟ್ ರಿಟರ್ನ್ ಇಲ್ಲ ಅಂತ ಮ್ಯಾನೇಜರ್ ರಾಗ ಎಳೆದರು. ಬೇಕಾದರೆ ಒಂದು ವಾಟರ್ ವಾಶ್ ಫ್ರೀ ಮಾಡಿಸಿಕೊಡೋಣ ಅಂದರು.

"ಅದೊಂದು ಬೇಡ" ಅಂದರು ರೈಟ್ರು. "ನೀವು ಪ್ರೆಶರ್‌ನಲ್ಲಿ ನೀರು ಹೊಡೆದು ಇನ್ನೊಂದು ವೈರ್ ಹಾಳು ಮಾಡ್ತೀರಿ."