ಮೇದೋಜೀರಕದ ಕ್ಯಾನ್ಸರ್ ಆಪರೇಷನ್: ವಯಸ್ಸಿಗಿಂತ ಮೈಯ ತ್ರಾಣ ನೋಡಿ

"75 ದಾಟೈತೆ, ಇನ್ನು ಕೊಯ್ಸೋದ್ಯಾಕೆ?" ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಮೊದಲು ಬರುವ ಮಾತು ಇದು. ಆದರೆ ಮೇದೋಜೀರಕದ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಪತ್ತೆಯಾದ ನೂರು ಜನರಲ್ಲಿ ಆಪರೇಷನ್ನಿಗೆ ಅವಕಾಶ ಇರುವವರೇ 15–20 ಮಂದಿ. ಅಂಥವರನ್ನು ಬರೀ ವಯಸ್ಸು ನೋಡಿ ಕೈಬಿಡಬಾರದು.

ಗಡ್ಡೆ ಗ್ರಂಥಿಯ ತಲೆಭಾಗದಲ್ಲಿದ್ದರೆ ಮಾಡುವುದು ವಿಪಲ್ ಆಪರೇಷನ್. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಜೋಡಿಸುತ್ತಾರೆ. ಕೈಕೊಡುವುದು ಹೆಚ್ಚಾಗಿ ಗ್ರಂಥಿಯ ಜೋಡಣೆ. ಮೂರನೇ ದಿನ ಅಥವಾ ಆಮೇಲೆ ಡ್ರೈನ್ (ಹೊಟ್ಟೆಯೊಳಗಿನ ದ್ರವ ಹೊರಹಾಕಲು ಇಟ್ಟ ಕೊಳವೆ) ನೀರಿನ ಅಮೈಲೇಸ್ (ಗ್ರಂಥಿಯ ಜೀರ್ಣರಸದ ಒಂದು ಅಂಶ), ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದರೆ ಸೋರಿಕೆಯ ಅನುಮಾನ. ಗ್ರಂಥಿ ಮೆತ್ತಗಿದ್ದು ಅದರ ನಾಳ 3 ಮಿ.ಮೀ.ಗಿಂತ ಸಣ್ಣದಿದ್ದರೆ ಸೋರುವ ಸಂಭವ ಜಾಸ್ತಿ. ಇದು 40ರವರಿಗೂ ಆಗುತ್ತೆ. ವ್ಯತ್ಯಾಸ ಇರುವುದು ಆಮೇಲೆ: ಚಿಕ್ಕವರು ಸೋರಿಕೆ, ಸೋಂಕು ತಡೆದುಕೊಂಡು ಎದ್ದು ಕೂರುತ್ತಾರೆ. ಹಿರಿಯರಿಗೆ ಅದರ ಬೆನ್ನಿಗೇ ನ್ಯುಮೋನಿಯಾ, ಹೃದಯ ಬಡಿತದ ಏರುಪೇರು, ಮಂಕು ಕವಿಯುವುದು ಶುರುವಾಗಿ ಸಾವಿನ ಸಂಭವ ಏರುತ್ತೆ. ಆದ್ದರಿಂದ ವರ್ಷಕ್ಕೆ ಎಷ್ಟು ವಿಪಲ್ ಮಾಡ್ತೀರಿ ಅಂತ ಡಾಕ್ಟರನ್ನು ಕೇಳಲೇಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ಆಸ್ಪತ್ರೆಗೆ ವರ್ಷಕ್ಕೆ ಕನಿಷ್ಠ 20 ಅನ್ನೋ ನಿಯಮ ತಂದಿದ್ದರು. ಬೆಂಗಳೂರಿಗೆ ಹೋಗಬೇಕಾದರೂ ಸರಿ, ಕೈ ಪಳಗಿದ ಕಡೆಯೇ ಮಾಡಿಸಿ.

ನೋವಿಲ್ಲದ ಕಾಮಾಲೆ, ಬಿಳಚಿದ ಮಲ, ಮೈ ತುರಿಕೆ ಈ ಕ್ಯಾನ್ಸರಿನ ಲಕ್ಷಣ ಇರಬಹುದು; ಕಂಡರೆ ನಾಟಿ ಔಷಧಿ ಅಂತ ವಾರಗಳನ್ನು ಕಳೆಯಬೇಡಿ, ದಯವಿಟ್ಟು. ಕಾಮಾಲೆ ಇಳಿಸಲು ಪಿತ್ತನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕುವ ಮೊದಲೇ ಸಿ.ಟಿ. ಸ್ಕ್ಯಾನ್ ಆಗಲಿ. ಸ್ಟೆಂಟ್ ಆದಮೇಲೆ ಊತದಿಂದ ಚಿತ್ರ ಕಲಸಿಹೋಗುತ್ತೆ.

ಹಿರಿಯರ ತ್ರಾಣ ಅಳೆಯಲು ಅವರನ್ನು 4 ಮೀಟರ್ ಮಾಮೂಲಿ ನಡಿಗೆಯಲ್ಲಿ ನಡೆಸಿ ನೋಡಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತಯಾರಿ ಬೇಕು. ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2–1.5 ಗ್ರಾಂ ಪ್ರೋಟೀನ್, ಅಂದರೆ 50 ಕಿಲೋ ಇದ್ದವರಿಗೆ 60–75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತೆ. ಮಂಡಕ್ಕಿ ತಿಂದರೆ ಹೊಟ್ಟೆ ತುಂಬುತ್ತೆ, ಸ್ನಾಯು ಬೆಳೆಯಲ್ಲ. ಮಲ ಎಣ್ಣೆಎಣ್ಣೆಯಾಗಿ ತೇಲುತ್ತಿದ್ದರೆ ಜೀರ್ಣಕ್ಕೆ ನೆರವಾಗುವ ಎನ್‌ಜೈಮ್ ಕ್ಯಾಪ್ಸೂಲ್ ಬೇಕು, ಅದೂ ಮೊದಲ ತುತ್ತಿನ ಜೊತೆಗೇ. ಊಟ ಮುಗಿದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ. ದೊಡ್ಡ ಊಟಕ್ಕೆ ಸಾಮಾನ್ಯವಾಗಿ 40–50 ಸಾವಿರ ಯೂನಿಟ್ ಲೈಪೇಸ್ (ಆ ಕ್ಯಾಪ್ಸೂಲಿನಲ್ಲಿರುವ, ಕೊಬ್ಬು ಅರಗಿಸುವ ಅಂಶ). ಬೆಣ್ಣೆದೋಸೆಯಂಥದ್ದಕ್ಕೆ ಇನ್ನೂ ಹೆಚ್ಚು ಬೇಕಾದೀತು.

ಇಷ್ಟೆಲ್ಲ ಯಾಕೆಂದರೆ ಆಪರೇಷನ್ ಅರ್ಧ ಚಿಕಿತ್ಸೆ ಮಾತ್ರ. 2018ರ ಪ್ರಾಡೀಜ್ 24 ಅಧ್ಯಯನದಲ್ಲಿ, ಆಪರೇಷನ್ ನಂತರ ಮಾರ್ಪಡಿಸಿದ ಫಾಲ್ಫಿರಿನಾಕ್ಸ್ (ಹಲವು ಔಷಧಿ ಸೇರಿಸಿ ಕೊಡುವ) ಕೀಮೋ ಪಡೆದವರ ಮೀಡಿಯನ್ ಬದುಕು (ಅರ್ಧದಷ್ಟು ಜನ ದಾಟಿದ ಅವಧಿ) 54.4 ತಿಂಗಳು, ಜೆಮ್‌ಸಿಟಬಿನ್ ಎಂಬ ಕೀಮೋ ಔಷಧಿ ಒಂದನ್ನೇ ಪಡೆದವರದು 35. ಅಲ್ಲಿದ್ದವರೆಲ್ಲ 80ರೊಳಗಿನ, ಗಟ್ಟಿಮುಟ್ಟಾದ ರೋಗಿಗಳು. ಮೂರು ತಿಂಗಳೊಳಗೆ ಕೀಮೋ ಶುರುವಾಗುವಷ್ಟು ಹಿರಿಯರು ಚೇತರಿಸಿಕೊಳ್ಳಬೇಕು. ಚಿಕ್ಕವರು ಬೇಗ ಎದ್ದು ಓಡಾಡಿದರೆಂದು ಕೀಮೋ ಅರ್ಧಕ್ಕೆ ಬಿಡಬಾರದು. ರೋಗ ಅವರಿಗೂ ಮರಳಿ ಬರುತ್ತೆ. ಜೊತೆಗೆ ಬಿ.ಆರ್.ಸಿ.ಎ. (ವಂಶದಲ್ಲಿ ಹರಿದುಬರುವ ಜೀನ್ ದೋಷದ) ಪರೀಕ್ಷೆ ಮಾಡಿಸಿ. ಫಲಿತಾಂಶ ಪಾಸಿಟಿವ್ ಬಂದರೆ ಅಣ್ಣತಮ್ಮ, ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.