ಆಫ್ ಮಾಡಿದ್ರೂ ನಿಲ್ಲದ ವೈಪರ್: ಮೋಟರ್ ಬದಲಾಯಿಸೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ಮಳೆ ನಿಂತು ಬಿಸಿಲು ಬಂದ್ರೂ ವೈಪರ್ ಮಾತ್ರ ಓಡ್ತಾನೇ ಇರುತ್ತೆ, ಸ್ವಿಚ್ ಆಫ್ ಮಾಡಿದ್ರೂ ಕೇಳಲ್ಲ, ಕೀ ತೆಗೆದ್ರೆ ಮಾತ್ರ ನಿಲ್ಲುತ್ತೆ, ಅದೂ ಗ್ಲಾಸ್ ಮಧ್ಯದಲ್ಲಿ. ಈ ತೊಂದರೆ ಅಂತ ಗ್ಯಾರೇಜಿಗೆ ಹೋದ್ರೆ ಸಾಮಾನ್ಯವಾಗಿ ಸಿಗೋ ಉತ್ತರ ಮೋಟರ್ ಹೋಗಿದೆ, ಹೊಸದು ಹಾಕ್ಬೇಕು ಅಂತ. ನಂಗೆ ಇದನ್ನ ಒಪ್ಪೋಕೇ ಆಗಲ್ಲ. ಮೋಟರ್ ಹೋಗಿದ್ರೆ ಅದು ತಿರುಗ್ತಾನೇ ಇರ್ಲಿಲ್ಲ ಅಲ್ವಾ? ಇಲ್ಲಿ ಹಾಳಾಗಿರೋದು ಅದನ್ನ ನಿಲ್ಸೋ ಭಾಗ, ಅದನ್ನ ಎಷ್ಟೋ ಸಲ ಮನೇಲೇ ಸರಿ ಮಾಡ್ಕೋಬಹುದು.

ದಾರೀಲೇ ಹೀಗಾದ್ರೆ ಏನ್ ಮಾಡೋದು ಅಂತ ಮೊದ್ಲು ಹೇಳ್ಬಿಡ್ತೀನಿ. ಒಣ ಗ್ಲಾಸ್ ಮೇಲೆ ಓಡೋಕೆ ಬಿಡ್ಬೇಡಿ, ರಬ್ಬರ್ ಕೆಳಗೆ ಮರಳು ಸಿಕ್ಕಿ ಗ್ಲಾಸಲ್ಲಿ ಗೀರು ಬೀಳುತ್ತೆ, ಆಮೇಲೆ ರಾತ್ರಿ ಎದುರು ಗಾಡಿ ಲೈಟ್ ಬಿದ್ದಾಗೆಲ್ಲ ಆ ಗೀರು ಹೊಳೆದು ಕಣ್ಣಿಗೆ ಹೊಡೆಯುತ್ತೆ. ಗಾಡಿ ಸೈಡಿಗೆ ಹಾಕಿ, ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಥವಾ ಗಾಡಿ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ವೈಪರ್ ಫ್ಯೂಸ್ ಯಾವುದು ಅಂತ ನೋಡ್ಕೊಂಡು, ವೈಪರ್ ಕೆಳಗೆ ಬಂದಾಗ ಕಿತ್ತುಬಿಡಿ. ಮಧ್ಯದಲ್ಲಿ ನಿಂತ್ರೆ ಕೈಯಲ್ಲಿ ತಳ್ಳಿ ಇಳಿಸೋಕೆ ಹೋಗ್ಬೇಡಿ, ಮೋಟರ್ ಒಳಗೆ ವರ್ಮ್ ಗೇರ್ ಇರೋದ್ರಿಂದ ಅದು ಹೊರಗಿಂದ ತಳ್ಳಿದ್ರೆ ತಿರುಗಲ್ಲ, ಜೋರು ಮಾಡಿದ್ರೆ ವೈಪರ್ ಆರ್ಮ್ ಬುಡದಲ್ಲಿರೋ ಹಲ್ಲು ಹೋಗುತ್ತೆ. ಫ್ಯೂಸ್ ಮತ್ತೆ ಹಾಕಿ, ಕೆಳಗೆ ಬಂದ ತಕ್ಷಣ ಕೀಳಿ ಅಷ್ಟೇ. ಮತ್ತೆ ಮಳೆ ಬಂದ್ರೆ ಫ್ಯೂಸ್ ಹಾಕ್ಕೊಂಡೇ ಓಡಿಸಿ.

ಈಗ ಅದು ನಿಲ್ಲೋದು ಹೇಗೆ ಅಂತ. ನಾವು ಆಫ್ ಮಾಡಿದ ಕ್ಷಣಕ್ಕೇ ವೈಪರ್ ನಿಲ್ಲಲ್ಲ, ನಿಲ್ಲಲೂಬಾರದು, ಹಾಗೆ ನಿಂತ್ರೆ ಎಲ್ಲಂದ್ರಲ್ಲಿ ಕಣ್ಣಿಗೆ ಅಡ್ಡ ನಿಂತಿರುತ್ತೆ. ಅದಕ್ಕೇ ಮೋಟರ್ ಒಳಗೆ ಪಾರ್ಕ್ ಸ್ವಿಚ್ ಅಂತ ಇರುತ್ತೆ. ಗೇರ್ ಮೇಲೆ ತಾಮ್ರದ ಒಂದು ಬಿಲ್ಲೆ, ಅದರಲ್ಲಿ ಒಂದು ಕಡೆ ಕತ್ತರಿಸಿದ ಗ್ಯಾಪ್, ಮೇಲೆ ಉಜ್ಜಿಕೊಂಡು ಹೋಗೋ ತೆಳು ಪಟ್ಟಿಗಳು. ನಾವು ಆಫ್ ಮಾಡಿದ ಮೇಲೂ ಈ ಬಿಲ್ಲೆ ಮೂಲಕ ಮೋಟರಿಗೆ ಕರೆಂಟ್ ಹೋಗ್ತಾನೇ ಇರುತ್ತೆ, ವೈಪರ್ ಕೆಳಗೆ ಬಂದಾಗ ಸರಿಯಾಗಿ ಆ ಗ್ಯಾಪ್ ಬಂದು ಕರೆಂಟ್ ಕಟ್ ಆಗುತ್ತೆ. ಅಷ್ಟೇ ಅಲ್ಲ, ಅದೇ ಜಾಗದಲ್ಲಿ ಮೋಟರಿನ ಎರಡೂ ತುದಿ ಅರ್ತಿಗೆ, ಅಂದ್ರೆ ಗಾಡಿ ಬಾಡಿಗೆ, ಸೇರಿ ಮೋಟರಿಗೇ ಬ್ರೇಕ್ ಬೀಳುತ್ತೆ. ಈ ಬ್ರೇಕ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅರ್ತ್ ಪಟ್ಟಿ ಸರಿಯಾಗಿ ತಾಗದಿದ್ರೆ ಕರೆಂಟ್ ಕಟ್ ಆದ್ರೂ ಮೋಟರ್ ಓಡೋ ವೇಗಕ್ಕೆ ಗ್ಯಾಪ್ ದಾಟಿ ಮತ್ತೆ ತಾಮ್ರದ ಮೇಲೆ ಹತ್ತಿಬಿಡುತ್ತೆ, ಮತ್ತೊಂದು ಸುತ್ತು ಶುರು. ನಿಮ್ಮ ಗಾಡೀಲಿ ಒಣ ಗ್ಲಾಸಲ್ಲಿ ನಿಂತು ಒದ್ದೆ ಗ್ಲಾಸಲ್ಲಿ ಮಾತ್ರ ನಿಲ್ಲದೇ ಹೋದ್ರೆ ಮೊದಲ ಅನುಮಾನ ಇದರ ಮೇಲೇ ಇರ್ಲಿ.

ಹುಡುಕೋ ಕ್ರಮ ಹೀಗೆ. ಆಫ್ ಮಾಡಿದ್ರೂ ಫಾಸ್ಟ್ ಸ್ಪೀಡಲ್ಲೇ ಓಡ್ತಿದ್ರೆ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ನೋಡಿ. ವೈಪರ್ ರಿಲೇ (ಕರೆಂಟ್ ಆನ್-ಆಫ್ ಮಾಡೋ ಚಿಕ್ಕ ಡಬ್ಬಿ) ಇದ್ರೆ ಅದೇ ನಂಬರಿನ ಸರಿ ಇರೋ ರಿಲೇ ಹಾಕಿ ನೋಡಿ, ಕಾಂಟ್ಯಾಕ್ಟ್ ಒಳಗೇ ಸುಟ್ಟು ಅಂಟ್ಕೊಂಡಿರೋದು ಸಾಮಾನ್ಯ. ಎರಡೂ ಅಲ್ಲ ಅಂದ್ರೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ರೆ ಉರಿಯೋ ಚಿಕ್ಕ ಬಲ್ಬ್) ತಗೊಂಡು, ಸ್ವಿಚ್ ಸ್ಲೋನಲ್ಲಿಟ್ಟು, ಮೋಟರ್ ಕನೆಕ್ಟರಲ್ಲಿ ಪಾರ್ಕ್ ಸ್ವಿಚ್ಚಿಂದ ಹೊರಬರೋ ವೈರಿಗೂ ಗಾಡಿ ಬಾಡಿಗೂ ಮಧ್ಯ ಹಿಡೀರಿ. ಹಳೇ ಥರದ ವೈರಿಂಗಲ್ಲಿ ವೈಪರ್ ಕೆಳಗೆ ಬಂದಾಗೆಲ್ಲ ಲ್ಯಾಂಪ್ ಒಂದ್ಸಲ ಆರಬೇಕು. ಆರದೇ ಉರೀತಾನೇ ಇದ್ರೆ ತೊಂದರೆ ಪಾರ್ಕ್ ಸ್ವಿಚ್ಚಲ್ಲೇ.

ನಮ್ಮನೇದು ಹಾಸನದಲ್ಲಿರೋ ಹಳೇ ಕಾರು, ಮಳೆಗಾಲದಲ್ಲಿ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿ ಬರೋ ಗಾಡಿ. ಒಂದು ಗ್ಯಾರೇಜಲ್ಲಿ ಬಾನೆಟ್ ಕೂಡ ಎತ್ತದೇ ಹೊಸ ಮೋಟರ್ ಅಂದ್ರು. ಆಮೇಲೆ ನಮಗೆ ಪರಿಚಯದ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದಾಗ, "ಬಿಚ್ಚದೇ ಹೆಂಗಪ್ಪ ಹೇಳೋದು" ಅಂದು ಅಲ್ಲೇ ಸ್ಪ್ಯಾನರ್ ತಗೊಂಡ್ರು. ಫ್ಯೂಸ್ ತೆಗೆದು, ಕ್ರ್ಯಾಂಕ್ ಆರ್ಮ್ (ಮೋಟರ್ ತಿರುಗೋದನ್ನ ವೈಪರಿನ ಲಿಂಕ್ ರಾಡಿಗೆ ಮುಟ್ಟಿಸೋ ಕೈ) ಕೂತಿದ್ದ ಜಾಗಕ್ಕೆ ಮಾರ್ಕರಲ್ಲಿ ಗೆರೆ ಎಳೆದು, ಗೇರ್ ಕವರ್ ಬಿಚ್ಚಿದ್ರೆ ಒಳಗೆ ಗ್ರೀಸ್ ಕಪ್ಪಗೆ ಗಟ್ಟಿಯಾಗಿತ್ತು, ತಾಮ್ರದ ಅಂಚು ಹಸಿರು ಹಿಡಿದಿತ್ತು, ಪಟ್ಟಿ ಸವೆದು ಬಂದ ತಾಮ್ರದ ಪುಡಿ ಗ್ರೀಸಲ್ಲಿ ಬೆರೆತು ಆ ಗ್ಯಾಪ್ ಪೂರ್ತಿ ತುಂಬ್ಕೊಂಡಿತ್ತು. ಕರೆಂಟ್ ಕಟ್ ಆಗೋಕೆ ಜಾಗವೇ ಇರ್ಲಿಲ್ಲ! ಅವರು ಹಳೇ ಗ್ರೀಸ್ ಪೂರ್ತಿ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನೈಸ್ ಸ್ಯಾಂಡ್ ಪೇಪರಲ್ಲಿ ತಾಮ್ರ ಹೊಳೆಯೋ ತನಕ ಮೆಲ್ಲಗೆ ಉಜ್ಜಿ, ಪಟ್ಟಿಗಳನ್ನ ಒಂಚೂರು ಬಗ್ಗಿಸಿ ಗಟ್ಟಿಯಾಗಿ ತಾಗೋ ಹಾಗೆ ಮಾಡಿದ್ರು. ಹೊಸ ಗ್ರೀಸ್ ಗೇರಿನ ಹಲ್ಲಿಗೆ ಹಾಕಿದ್ರೇ ಹೊರತು ತಾಮ್ರದ ಮೇಲೆ ಮೆತ್ತಲಿಲ್ಲ. ಅವರ ಕೈ ನೋಡ್ತಾ ನಿಂತಿದ್ದಾಗ ನಿಜಕ್ಕೂ ಗೌರವ ಬಂತು, ಇಂಥ ಎಲೆಕ್ಟ್ರಿಷಿಯನ್ ನಿಮ್ಮೂರಲ್ಲಿದ್ರೆ ದಯವಿಟ್ಟು ಅವರಿಗೇ ಕೆಲಸ ಕೊಡಿ.

ನೀರು ಒಳಗೆ ಹೋಗಿದ್ದು ಎಲ್ಲಿಂದ ಅಂದ್ರೆ, ಗ್ಲಾಸ್ ಕೆಳಗಿನ ಪ್ಲಾಸ್ಟಿಕ್ ಕವರ್ ಒಳಗೆ ನೀರು ಹೊರಗೆ ಹೋಗೋ ತೂತು ಎಲೆ ಕೊಳೆತು ಕಟ್ಟಿತ್ತು, ಮೋಟರ್ ಆ ನೀರಲ್ಲೇ ಕೂತಿತ್ತು. ಮರದ ಕೆಳಗೆ ಗಾಡಿ ನಿಲ್ಸೋರು ಮಳೆಗಾಲಕ್ಕೆ ಮುಂಚೆ ಆ ಪ್ಲಾಸ್ಟಿಕ್ ಕವರ್ ತೆಗೆದು ಕ್ಲೀನ್ ಮಾಡಿ, ಗೇರ್ ಕವರ್ ಮುಚ್ಚೋವಾಗ ಗ್ಯಾಸ್ಕೆಟ್ ಸರಿಯಾಗಿದ್ಯಾ ನೋಡಿ.

ಹೊಸ ಗಾಡಿಗಳ ಲೆಕ್ಕ ಸ್ವಲ್ಪ ಬೇರೆ. ಆಟೋ ಮೋಡಲ್ಲಿ ಮಾತ್ರ ಸುಮ್ಸುಮ್ನೆ ಓಡ್ತಿದ್ರೆ ಕನ್ನಡಿ ಹಿಂದೆ ಗ್ಲಾಸಿಗೆ ಅಂಟಿರೋ ಮಳೆ ಸೆನ್ಸರ್ ಜಾಗ ಒರೆಸಿ, ಈಚೆಗೆ ಗ್ಲಾಸ್ ಬದಲಾಯಿಸಿದ್ರೆ ಸೆನ್ಸರ್ ಕೆಳಗೆ ಗಾಳಿಗುಳ್ಳೆ ಇದ್ಯಾ ನೋಡ್ಸಿ. ಅದೂ ಅಲ್ಲ ಅಂದ್ರೆ ಕಂಪ್ಯೂಟರ್ ಮಾಡ್ಯೂಲ್ ವಿಷಯ, ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚೋಕೆ ಹೋಗ್ಬೇಡಿ, ಸ್ಕ್ಯಾನರ್ ಇರೋರ ಹತ್ರ ಹೋಗಿ.

ಮನೇಲೇ ಬಿಚ್ಚೋರಿಗೆ ಇನ್ನೊಂದು ಮಾತು. ಜೋಡಿಸೋ ಮುಂಚೆ, ಕ್ರ್ಯಾಂಕ್ ಆರ್ಮ್ ಹಾಕದೇನೇ ಕರೆಂಟ್ ಕೊಟ್ಟು ಸ್ವಿಚ್ ಆನ್ ಮಾಡಿ ಆಫ್ ಮಾಡಿ, ಮೋಟರ್ ತಾನಾಗೇ ಪಾರ್ಕ್ ಜಾಗಕ್ಕೆ ಬಂದು ನಿಲ್ಲಲಿ, ಆಮೇಲೆ ಮತ್ತೆ ಫ್ಯೂಸ್ ಕಿತ್ತು, ಗೆರೆ ನೋಡ್ಕೊಂಡು ಆರ್ಮ್ ಕೂರಿಸಿ. ಫ್ಯೂಸ್ ಇರೋವಾಗ ಆ ಲಿಂಕ್ ರಾಡ್‌ಗಳ ಮಧ್ಯ ಬೆರಳು ಇಡ್ಲೇಬೇಡಿ, ಆ ಮೋಟರಿನ ಜೋರು ಸಣ್ಣದಲ್ಲ. ಎಲ್ಲಾ ಆದ್ಮೇಲೆ ಗ್ಲಾಸಿಗೆ ಚೆನ್ನಾಗಿ ನೀರು ಹಾಕಿ ಸ್ಲೋ, ಫಾಸ್ಟ್ ಎರಡರಿಂದಲೂ ಆಫ್ ಮಾಡಿ ನೋಡಿ, ಎರಡರಲ್ಲೂ ಕೆಳಗೇ ಬಂದು ನಿಂತ್ರೆ ಕವರ್ ಹಾಕ್ಬಿಡಿ.