ಫಾಲೋ ಸ್ಪಾಟ್‌ಗೆ ಡಿಮ್ಮರ್ ತಗೊಳ್ಳುವ ಮುಂಚೆ ಒಳಗಿನ ಲ್ಯಾಂಪ್ ನೋಡಿ

ರಂಗಮಂದಿರದ ಲೈಟಿಂಗ್ ನೋಡಿಕೊಳ್ಳುವ ನನ್ನನ್ನು ಹೊಸ ತಂಡದವರು ಆಗಾಗ ಕೇಳುತ್ತಾರೆ, "ಸರ್, ಫಾಲೋ ಸ್ಪಾಟ್‌ಗೆ ಯಾವ ಡಿಮ್ಮರ್ ತಗೊಳ್ಳೋದು?" ಅಂತ. ಫಾಲೋ ಸ್ಪಾಟ್ ಅಂದರೆ ನಟರನ್ನು ಹಿಂಬಾಲಿಸುವಂತೆ ಆಪರೇಟರ್ ಕೈಯಲ್ಲಿ ತಿರುಗಿಸುವ ಲೈಟ್, ಡಿಮ್ಮರ್ ಅಂದರೆ ವೋಲ್ಟೇಜ್ ಏರಿಳಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸಾಧನ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಒಳಗೆ ಯಾವ ಲ್ಯಾಂಪ್ ಇದೆ? ಹೆಚ್ಚಿನವರು ವ್ಯಾಟ್ ಹೇಳುತ್ತಾರೆ, 1200 ವ್ಯಾಟ್ ಅಂತ. ಅದು ಸಾಲದು. 1200 ವ್ಯಾಟ್‌ನ ಹ್ಯಾಲೋಜನ್ ಬೇರೆ, 1200 ವ್ಯಾಟ್‌ನ ಡಿಸ್ಚಾರ್ಜ್ ಲ್ಯಾಂಪ್ ಬೇರೆ. ಮೊದಲನೆಯದನ್ನು ಡಿಮ್ಮರ್‌ಗೆ ಹಾಕಬಹುದು. ಎರಡನೆಯದನ್ನು ಹಾಕಲೇಬಾರದು.

ಹ್ಯಾಲೋಜನ್‌ನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ವೋಲ್ಟೇಜ್ ಇಳಿಸಿದರೆ ತಂತಿಯ ಕಾವು ಇಳಿಯುತ್ತದೆ, ಜೊತೆಗೆ ಬೆಳಕೂ ಇಳಿಯುತ್ತದೆ, ಅಷ್ಟೇ. ಡಿಸ್ಚಾರ್ಜ್ ಲ್ಯಾಂಪಿನಲ್ಲಿ ತಂತಿಯೇ ಇಲ್ಲ. ಎರಡು ಎಲೆಕ್ಟ್ರೋಡ್‌ಗಳ ನಡುವೆ ಅನಿಲದಲ್ಲಿ ಆರ್ಕ್ ಉರಿಯುತ್ತಿರುತ್ತದೆ, ಅದಕ್ಕೆ ಎಷ್ಟು ಕರೆಂಟ್ ಹೋಗಬೇಕು ಅನ್ನುವುದನ್ನು ಬಲಾಸ್ಟ್ ನೋಡಿಕೊಳ್ಳುತ್ತದೆ. ಆ ಬಲಾಸ್ಟ್‌ಗೆ ಡಿಮ್ಮರ್‌ನಿಂದ ಲೈನ್ ಕೊಟ್ಟು ಫೇಡರ್ (ಬೆಳಕು ಏರಿಸಿ ಇಳಿಸುವ ಹಿಡಿ) ಇಳಿಸಿದರೆ ಆರ್ಕ್ ನಡುವೆಯೇ ಆರಿಹೋಗುತ್ತದೆ, ಬಲಾಸ್ಟ್ ಸುಟ್ಟರೂ ಸುಟ್ಟೀತು. ಒಂದು ಸಭಾಂಗಣದಲ್ಲಿ ಹೀಗೇ ಜೋಡಿಸಿಟ್ಟಿದ್ದರು. ರಿಹರ್ಸಲ್‌ನಲ್ಲಿ ಹಾಡಿನ ಕೊನೆಗೆ ಲೈಟ್‌ಗಳನ್ನು ನಿಯಂತ್ರಿಸುವ ಕನ್ಸೋಲ್‌ನಲ್ಲಿದ್ದವರು ನಿಧಾನವಾಗಿ ಇಳಿಸತೊಡಗಿದರು, ಗಾಯಕಿಯ ಮುಖದ ಮೇಲಿನ ಬೆಳಕು ಒಂದೆರಡು ಸಲ ಪಟಪಟ ಅಂದು ಪೂರ್ತಿ ಹೋಯಿತು, ಮತ್ತೆ ಹಚ್ಚಲು ನೋಡಿದರೆ ಹತ್ತಲಿಲ್ಲ. ಬಿಸಿ ಲ್ಯಾಂಪ್ ಮತ್ತೆ ಹತ್ತುವಂತೆ ವಿಶೇಷ ವ್ಯವಸ್ಥೆ ಇದ್ದರೆ ಸರಿ, ಇಲ್ಲದಿದ್ದರೆ ಅದು ತಣ್ಣಗಾಗುವವರೆಗೆ ಕೆಲವು ನಿಮಿಷ ಕಾಯಲೇಬೇಕು. ಪ್ರದರ್ಶನದ ನಡುವೆ ಕೆಲವು ನಿಮಿಷ ಅಂದರೆ ಎಷ್ಟು ದೊಡ್ಡದು ಅಂತ ರಂಗದಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

"ಚಾನೆಲ್ ಅನ್ನು ನಾನ್-ಡಿಮ್‌ಗೆ ಹಾಕಿಟ್ಟರೆ ಆಯ್ತಲ್ವಾ?" ಅಂತಲೂ ಕೇಳುತ್ತಾರೆ. ಅಂದರೆ ಲೈಟ್‌ಗೆ ಹೋಗುವ ಡಿಮ್ಮರ್ ಲೈನನ್ನು ಬರೀ ಆನ್, ಆಫ್ ಆಗುವ ಸೆಟ್ಟಿಂಗ್‌ಗೆ ಹಾಕುವುದು. ಆಗಲ್ಲ. ಸಾಮಾನ್ಯ ಡಿಮ್ಮರ್ ರ‍್ಯಾಕ್‌ನಲ್ಲಿ ಫುಲ್ ಅಂದರೂ ನಾನ್-ಡಿಮ್ ಅಂದರೂ ಕರೆಂಟ್ ಥೈರಿಸ್ಟರ್ (ವೋಲ್ಟೇಜ್ ಕತ್ತರಿಸುವ ಎಲೆಕ್ಟ್ರಾನಿಕ್ ಸ್ವಿಚ್) ಮೂಲಕವೇ ಬರುತ್ತದೆ, ಅದು ನೇರ ಲೈನ್ ಅಲ್ಲ. ಬಲಾಸ್ಟ್‌ಗೆ ಬೇಕಾದ್ದು ನೇರ ಲೈನ್, ಇಲ್ಲವೇ ಪೂರ್ತಿ ಆನ್, ಆಫ್ ಮಾತ್ರ ಮಾಡುವ ರಿಲೇ ಮಾಡ್ಯೂಲ್.

ಹಾಗಾದರೆ ಡಿಸ್ಚಾರ್ಜ್ ಸ್ಪಾಟ್‌ನಲ್ಲಿ ಬೆಳಕು ಇಳಿಸುವುದು ಹೇಗೆ? ಒಳಗೇ ಇರುವ ಡೌಸರ್‌ನಿಂದ. ಲ್ಯಾಂಪ್ ಪೂರ್ತಿ ಉರಿಯುತ್ತಲೇ ಇರುತ್ತದೆ, ಲೋಹದ ತಗಡುಗಳು ಬೆಳಕಿನ ದಾರಿಗೆ ಅಡ್ಡ ಬರುತ್ತಾ ಹೋಗುತ್ತವೆ. ಇಂಥ ಸ್ಪಾಟ್ ಕೊಳ್ಳುವವರು ಡಿಮ್ಮರ್ ಬಿಟ್ಟು ಈ ಡೌಸರನ್ನೇ ಸರಿಯಾಗಿ ಪರೀಕ್ಷೆ ಮಾಡಬೇಕು. ಗೋಡೆಯ ಮೇಲೆ ಅಂಚು ಚೂಪಾಗಿ ಕಾಣುವಂತೆ ಫೋಕಸ್ ಮಾಡಿ, ಲಿವರ್ ಅನ್ನು ಆದಷ್ಟು ನಿಧಾನವಾಗಿ ಎಳೆಯಿರಿ. ವೃತ್ತ ಇದ್ದಷ್ಟೇ ದೊಡ್ಡದಾಗಿದ್ದು ಬೆಳಕು ಮಾತ್ರ ಎಲ್ಲ ಕಡೆ ಒಂದೇ ಸಮ ಇಳಿದರೆ ಆ ಡೌಸರ್ ಚೆನ್ನಾಗಿದೆ. ಮೇಲಿನಿಂದಲೋ ಕೆಳಗಿನಿಂದಲೋ ಕಪ್ಪು ಅಂಚು ತೆವಳಿಕೊಂಡು ಬಂದರೆ ತಗಡುಗಳು ಫೋಕಸ್ ಆಗುವ ಜಾಗಕ್ಕೆ ತೀರಾ ಹತ್ತಿರ ಇವೆ ಅಂತ ಅರ್ಥ. ಅದರಲ್ಲಿ ಒಳ್ಳೆಯ ಫೇಡ್ ಯಾವತ್ತೂ ಬರುವುದಿಲ್ಲ, ನಟನ ಹಣೆ ಮೊದಲು ಕತ್ತಲಾಗುತ್ತದೆ, ಗಲ್ಲ ಆಮೇಲೆ. ಐರಿಸ್ ಮುಚ್ಚಿ ಬೆಳಕು ಕಡಿಮೆ ಮಾಡೋಣ ಅಂತ ಕೆಲವರು ಹೊರಡುತ್ತಾರೆ, ಆದರೆ ಐರಿಸ್ ಚಿಕ್ಕದು ಮಾಡುವುದು ವೃತ್ತವನ್ನು. ಎರಡೂ ಬೇರೆ ಬೇರೆ ಕೆಲಸ.

ಈಗ ಹ್ಯಾಲೋಜನ್‌ಗೆ ಬರೋಣ. ಇಲ್ಲಿ ಡಿಮ್ಮರ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. 2000 ವ್ಯಾಟ್ ಲ್ಯಾಂಪ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಹಾಗಾಗಿ 10 ಆಂಪಿಯರ್ ಚಾನೆಲ್ ಲೆಕ್ಕಕ್ಕೆ ಸಾಕು. ಆದರೆ ತಣ್ಣಗಿರುವ ತಂತಿಯ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಹಾಕಿದ ಆ ಕ್ಷಣ ಹತ್ತು ಪಟ್ಟಿಗಿಂತ ಜಾಸ್ತಿ ಕರೆಂಟ್ ನುಗ್ಗಬಹುದು. ಸೊನ್ನೆಯಿಂದ ಸೀದಾ ಫುಲ್‌ಗೆ ಎತ್ತುವ ಕ್ಯೂಗಳು (ಬೆಳಕು ಬದಲಾಗುವ ಘಟ್ಟಗಳು) ಜಾಸ್ತಿ ಇರುವ ನಾಟಕ ಆದರೆ ಪ್ರೀಹೀಟ್ ಇಡಬಹುದಾದ ಡಿಮ್ಮರ್ ನೋಡಿ. ತಂತಿ ಸ್ವಲ್ಪ ಬೆಚ್ಚಗಿದ್ದರೆ ಲ್ಯಾಂಪೂ ಬಾಳುತ್ತದೆ, ಬೆಳಕೂ ಕೇಳಿದ ತಕ್ಷಣ ಬರುತ್ತದೆ.

ಎಲ್ಲರೂ ಮರೆಯುವುದು ಫ್ಯಾನನ್ನು. ಫಾಲೋ ಸ್ಪಾಟ್ ಬೇರೆ ಲೈಟ್‌ಗಳ ಹಾಗಲ್ಲ, ಹಲವು ಮಾಡೆಲ್‌ಗಳಲ್ಲಿ ತಣ್ಣಗಾಗಿಸಲು ಫ್ಯಾನ್ ಇರುತ್ತದೆ, ಮತ್ತು ಲ್ಯಾಂಪ್‌ಗೂ ಫ್ಯಾನ್‌ಗೂ ಒಂದೇ ವೈರ್ ಬಂದಿರಬಹುದು. ಅದನ್ನು ಹಾಗೇ ಡಿಮ್ಮರ್‌ಗೆ ಸಿಕ್ಕಿಸಿದರೆ ಮೋಟಾರ್‌ಗೂ ಕತ್ತರಿಸಿದ ವೋಲ್ಟೇಜೇ ಹೋಗುತ್ತದೆ. ಮೊದಲು ಗುಂಯ್ ಅನ್ನುತ್ತದೆ, ವೇಗ ಬೀಳುತ್ತದೆ, ಲ್ಯಾಂಪ್ ಇಳಿಸಿದ ಮೇಲೂ ಕಾದೇ ಇರುವ ಡಬ್ಬಕ್ಕೆ ಗಾಳಿಯೇ ಸಿಗುವುದಿಲ್ಲ, ಕೊನೆಗೆ ಒಂದು ದಿನ ಮೋಟಾರ್ ಹೋಗುತ್ತದೆ. ಲ್ಯಾಂಪ್‌ಗೆ ಡಿಮ್ಮರ್ ಲೈನ್, ಫ್ಯಾನ್‌ಗೆ ನೇರ ಲೈನ್, ಹೀಗೆ ಎರಡನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಬೇರೆ ಮಾಡಿಸದೆ ಡಿಮ್ಮರ್ ವಿಚಾರವನ್ನೇ ಎತ್ತಬೇಡಿ. ಕಡಿಮೆ ವೋಲ್ಟೇಜಿನ ಲ್ಯಾಂಪ್ ಇದ್ದು ನಡುವೆ ಟ್ರಾನ್ಸ್‌ಫಾರ್ಮರ್ ಇದ್ದರೆ, ಇಂಡಕ್ಟಿವ್ ಲೋಡ್‌ಗೆ ಆಗುತ್ತದೆ ಅಂತ ತಯಾರಕರು ಬರೆದಿರುವ ಡಿಮ್ಮರ್ ಮಾತ್ರ ತಗೊಳ್ಳಿ.

ಬಣ್ಣದ ಮಾತೂ ಇದೆ. ಹ್ಯಾಲೋಜನ್ ಬೆಳಕಿನ ಬಣ್ಣದ ತಾಪಮಾನ ಫುಲ್‌ನಲ್ಲಿ ಸುಮಾರು 3200 ಕೆಲ್ವಿನ್ ಇರುತ್ತದೆ. ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ, ಇನ್ನೂ ಕೆಳಗೆ ಹೋದಂತೆ ಮುಖ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ವಿಷಾದದ ದೃಶ್ಯದಲ್ಲಿ ಅದು ನನಗೆ ತುಂಬಾ ಇಷ್ಟ. ಆದರೆ ತಣ್ಣನೆಯ ನೀಲಿ ಜೆಲ್ (ಲೈಟ್ ಮುಂದೆ ಇಡುವ ಬಣ್ಣದ ಹಾಳೆ) ಹಾಕಿಕೊಂಡು ಅರ್ಧ ಬೆಳಕಿನಲ್ಲಿ ನಿಲ್ಲಿಸಬೇಕು ಅಂದರೆ ನೀಲಿ ಸೋತುಹೋಗುತ್ತದೆ. ಅಂಥ ಕಡೆ ಹ್ಯಾಲೋಜನ್ ಸ್ಪಾಟ್‌ನಲ್ಲೂ ನಾನು ಲ್ಯಾಂಪನ್ನು ಫುಲ್‌ನಲ್ಲಿಟ್ಟು ಡೌಸರ್‌ನಿಂದಲೇ ಇಳಿಸಲು ಹೇಳುತ್ತೇನೆ. ಇಳಿಸಿದ ಬೆಳಕಿಗೂ ಅದೇ ಬಣ್ಣ ಉಳಿಯುತ್ತದೆ.

ಇನ್ನು ಸದ್ದು. ಅಗ್ಗದ ಡಿಮ್ಮರ್‌ನಲ್ಲಿ ಕರೆಂಟಿನ ಏರಿಕೆಯನ್ನು ನಯಮಾಡುವ ಸುರುಳಿ, ಅಂದರೆ ಚೋಕ್, ಚಿಕ್ಕದಿರುತ್ತದೆ, ಅರ್ಧದ ಆಸುಪಾಸಿನಲ್ಲಿ ಲ್ಯಾಂಪಿನ ತಂತಿ ಝೇಂಕರಿಸುತ್ತದೆ. ಸ್ಪಾಟ್ ಇರುವುದು ಪ್ರೇಕ್ಷಕರ ಹಿಂದೆಯೋ ತಲೆಯ ಮೇಲೋ, ಮೌನದ ದೃಶ್ಯದಲ್ಲಿ ಹಿಂದಿನ ಸಾಲಿನವರಿಗೆ ಅದು ಚೆನ್ನಾಗಿ ಕೇಳುತ್ತದೆ. ತಗೊಳ್ಳುವ ಮುಂಚೆ ಅರ್ಧಕ್ಕೆ ಇಟ್ಟು ಕಿವಿಗೊಟ್ಟು ಕೇಳಿ.

ಎಲ್‌ಇಡಿ ಫಾಲೋ ಸ್ಪಾಟ್ ಆದರೆ ಹೊರಗಿನ ಡಿಮ್ಮರ್ ಬೇಡವೇ ಬೇಡ, ನೇರ ಲೈನ್ ಕೊಡಿ, ಡಿಮ್ಮಿಂಗ್ ಅದರೊಳಗೇ ಇದೆ. ನೋಡಬೇಕಾದ್ದು ಕೆಳಗಿನ ತುದಿ. ಕನ್ಸೋಲ್‌ನಿಂದ ಲೈಟ್‌ಗೆ ಆದೇಶ ಒಯ್ಯುವ ಡಿಎಂಎಕ್ಸ್ ಸಿಗ್ನಲ್‌ನ ಒಂದು ಚಾನೆಲ್‌ನಲ್ಲಿ 256 ಹಂತ ಮಾತ್ರ, ನಿಧಾನದ ಫೇಡ್‌ನಲ್ಲಿ ಕೊನೆಯ ಹಂತಗಳು ಮೆಟ್ಟಿಲಿನ ಹಾಗೆ ಕಾಣಬಹುದು. 16 ಬಿಟ್ ಡಿಮ್ಮಿಂಗ್ (ಇನ್ನೂ ಸಣ್ಣ ಸಣ್ಣ ಹಂತಗಳು) ಇದ್ದು, ಹಂತಗಳ ನಡುವೆ ತಾನೇ ನಯಮಾಡುವ ಸ್ಪಾಟ್ ಆದರೆ ಆ ತೊಂದರೆ ಕಡಿಮೆ. ನಾಟಕವನ್ನು ವಿಡಿಯೋ ಮಾಡುವವರಿದ್ದರೆ ಕ್ಯಾಮೆರಾ ಇಟ್ಟು, 10%ರಲ್ಲಿ ಫ್ಲಿಕರ್ ಕಾಣುತ್ತದಾ ಅಂತ ಅಲ್ಲೇ ನೋಡಿಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಉಳಿಯುವ ಪ್ರಶ್ನೆ: ಫೇಡರ್ ಯಾರ ಕೈಯಲ್ಲಿ? ಕನ್ಸೋಲ್‌ನಿಂದಲೇ ನಡೆಸಿದರೆ ಎಲ್ಲ ಕ್ಯೂ ಒಟ್ಟಿಗೆ ಬೀಳುತ್ತದೆ, ಅದು ನಿಜ. ಆದರೆ ನಟಿ ಇವತ್ತು ಒಂದು ಉಸಿರು ಜಾಸ್ತಿ ನಿಂತಳು ಅನ್ನುವುದು ಅವಳನ್ನೇ ನೋಡುತ್ತಿರುವ ಸ್ಪಾಟ್ ಆಪರೇಟರ್‌ಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅದಕ್ಕೇ ನಾನು ಕನ್ಸೋಲ್‌ನಿಂದ ಇಷ್ಟರ ಮೇಲೆ ಹೋಗಬಾರದು ಅಂತ ಮಿತಿ ಮಾತ್ರ ಇಡುತ್ತೇನೆ, ಅದರೊಳಗೆ ಏರಿಸುವುದು ಇಳಿಸುವುದು ಆಪರೇಟರ್ ಕೈಯಲ್ಲಿ. ಇದು ಆಗಬೇಕಾದರೆ ಫೇಡರ್ ಸ್ಪಾಟ್ ಪಕ್ಕದಲ್ಲೇ, ಕತ್ತಲಲ್ಲಿ ನೋಡದೆ ಸಿಗುವ ಕಡೆ ಇರಬೇಕು. ಒಂದು ಕೈ ಸ್ಪಾಟ್ ತಿರುಗಿಸುತ್ತಿರುವಾಗ ಇನ್ನೊಂದು ಕೈಗೆ ಐರಿಸೂ ಸಿಗಬೇಕು, ಫೇಡರೂ ಸಿಗಬೇಕು. ಆದ್ದರಿಂದ ಅಂಗಡಿಗೆ ಹೋಗುವಾಗ ಸ್ಪಾಟ್ ಆಪರೇಟರನ್ನೇ ಕರೆದುಕೊಂಡು ಹೋಗಿ, ಅಲ್ಲಿನ ಲೈಟ್‌ಗಳನ್ನು ಆಫ್ ಮಾಡಿಸಿ, ಅವರ ಕೈಯಲ್ಲೇ ಒಂದು ಪೂರ್ತಿ ಫೇಡ್ ಮಾಡಿಸಿ ನೋಡಿ.